ನಾಲ್ಕೇ ಅಕ್ಷರ, ಏಳು ಉಚ್ಚಾರ: ಮಗಳಿಗೆ ಹೇಗೆ ಹೇಳಿಕೊಡಲಿ?

ಮೂಲ ಬರಹ (ತೀರ್ಥಹಳ್ಳಿ ಕಡೆಯವರು, ಈಗ ಲೀಡ್ಸ್)

ಗುಂಪಿನ ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಮೂರು ವರ್ಷವಾಯಿತು. ಮಗಳಿಗೆ ಈಗ ಒಂಬತ್ತು ವರ್ಷ, ಇಯರ್ ಫೈವ್‌ನಲ್ಲಿ ಓದುತ್ತಿದ್ದಾಳೆ. ಪ್ರತಿ ಶುಕ್ರವಾರ ಅವಳಿಗೆ ಸ್ಪೆಲ್ಲಿಂಗ್ ಪರೀಕ್ಷೆ ಇರುತ್ತದೆ. ಈ ವಾರದ ಚೀಟಿಯಲ್ಲಿರುವ ಹತ್ತೂ ಪದಗಳಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಬರುತ್ತವೆ: ಥ್ರೂ (through), ದೋ (though), ಡೋ (dough), ಟಫ್ (tough), ಇನಫ್ (enough), ಕಾಫ್ (cough), ಬೌ (bough), ಪ್ಲೌ (plough), ಥಾಟ್ (thought), ಥರ (thorough). ಅಕ್ಷರ ನಾಲ್ಕೇ ಆದರೂ ಉಚ್ಚಾರ ಏಳು ಬಗೆ. ನಿನ್ನೆ ರಾತ್ರಿ ಅವಳು ಟಫ್ ಎಂದು ಸರಿಯಾಗಿ ಓದಿ, ಅದೇ ಧೈರ್ಯದಲ್ಲಿ ಮುಂದೆ ಬಂದ ಇನ್ನೊಂದನ್ನು ಬಫ್ ಎಂದು ಓದಿದಳು. ಅದು ಬೌ ಎಂದು ತಿದ್ದಿದೆ. ಪೆನ್ಸಿಲ್ ಕೆಳಗಿಟ್ಟು, "ಅಮ್ಮ, ಅಜ್ಜಿ ಕಲಿಸಿದ ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವಲ್ಲ, ಇಲ್ಲಿ ಬರೆಯುವುದು ಒಂದು, ಓದುವುದು ಇನ್ನೊಂದು ಯಾಕೆ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ಅವಳ ಶಿಕ್ಷಕಿಯನ್ನು ಕಂಡಾಗ, ಮನೆಯಲ್ಲಿ ಬೇರೆ ಭಾಷೆ ಆಡುವುದರಿಂದ ಮಗುವಿಗೆ ಗೊಂದಲವಾಗುತ್ತಿರಬಹುದು ಎಂದರು. ಅಂದಿನಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ನೀವೆಲ್ಲ ಮಕ್ಕಳಿಗೆ ಇದನ್ನು ಹೇಗೆ ಕಲಿಸಿದಿರಿ? ಸ್ವಲ್ಪ ಕಾಲ ಮನೆಯಲ್ಲಿ ಕನ್ನಡ ಕಡಿಮೆ ಮಾಡಬೇಕೇ?

ಉತ್ತರ (ಬರ್ಮಿಂಗ್‌ಹ್ಯಾಮ್)

ಗಾಬರಿಯಾಗಬೇಡಿ. 2014ರಿಂದ ಜಾರಿಯಲ್ಲಿರುವ ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಇಯರ್ ಫೈವ್ ಮತ್ತು ಸಿಕ್ಸ್‌ಗೆ ಈ ನಾಲ್ಕು ಅಕ್ಷರಗಳ ಪದಗಳೆಂದೇ ಒಂದು ಪ್ರತ್ಯೇಕ ಭಾಗವಿದೆ. ಕಷ್ಟದ್ದು ಎಂದು ತಿಳಿದೇ ಅದನ್ನು ಪ್ರಾಥಮಿಕ ಶಾಲೆಯ ಕೊನೆಯ ಎರಡು ವರ್ಷಗಳಿಗೆ ಇಟ್ಟಿದ್ದಾರೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯೇ ಇಲ್ಲದ ಮನೆಯ ಮಕ್ಕಳೂ ಇದರಲ್ಲಿ ಎಡವುತ್ತಾರೆ. ನಾನು ಮಗನಿಗೆ ಉಚ್ಚಾರದ ಪ್ರಕಾರ ಗುಂಪು ಮಾಡಿಕೊಟ್ಟೆ. ಟಫ್, ರಫ್, ಇನಫ್ ಒಂದು ಮನೆಯವು. ದೋ, ಡೋ ಇನ್ನೊಂದು. ಬೌ, ಪ್ಲೌ ಮತ್ತೊಂದು. ಥಾಟ್, ಬಾಟ್, ಬ್ರಾಟ್, ಫಾಟ್ ನಾಲ್ಕೂ ಭೂತಕಾಲದ ರೂಪಗಳಾದ್ದರಿಂದ ಒಟ್ಟಿಗೆ ನೆನಪಿರುತ್ತವೆ. ಕಾಫ್, ಥ್ರೂ, ಥರ ಒಂಟಿಯಾಗಿ ಉಳಿಯುತ್ತವೆ, ಅವನ್ನು ಬೇರೆಯಾಗಿ ಬರೆಸಿ. ದಿನಕ್ಕೆ ಒಂದು ಗುಂಪು ಸಾಕು.

ಉತ್ತರ (ನ್ಯೂಜೆರ್ಸಿ)

ನಾವು ಇಲ್ಲಿಗೆ ಬಂದು ಮೂವತ್ತು ವರ್ಷಗಳಾದವು. ನನ್ನ ಮಗಳು ಸ್ಪೆಲ್ಲಿಂಗ್ ಬೀ ಸ್ಪರ್ಧೆಗಾಗಿ ಐದು ವರ್ಷ ಶ್ರಮಿಸಿದವಳು. ಆದ್ದರಿಂದ ಅನುಭವದಿಂದ ಹೇಳುತ್ತೇನೆ: ಒಂದು ದಪ್ಪ ನೋಟ್‌ಬುಕ್ ತಂದು ದಿನಕ್ಕೆ ಇಪ್ಪತ್ತು ಪದ ಬರೆಸಿ, ಬಾಯಿಪಾಠ ಮಾಡಿಸಿ. 1925ರಲ್ಲಿ ಶುರುವಾದ ಇಲ್ಲಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಬಾಲಕನೊಬ್ಬ ಮೊದಲು ಗೆದ್ದದ್ದು 1985ರಲ್ಲಿ. 2019ರಲ್ಲಿ ಎಂಟು ಮಕ್ಕಳು ಒಟ್ಟಿಗೆ ಗೆದ್ದಾಗ ಅವರಲ್ಲಿ ಏಳು ಮಂದಿ ನಮ್ಮವರೇ ಆಗಿದ್ದರು. ವೇದಿಕೆಯ ಮೇಲೆ ನಿಂತ ಮಗು ಕಾಗುಣಿತ ಹೇಳುವ ಮೊದಲು ಪದ ಯಾವ ಭಾಷೆಯಿಂದ ಬಂತು ಎಂದು ಕೇಳಬಹುದು. ಗ್ರೀಕ್ ಎಂದು ತಿಳಿದರೆ ಎಫ್ ಧ್ವನಿಗೆ ಪಿ ಮತ್ತು ಎಚ್ ಬರೆಯಬೇಕೆಂಬ ಸುಳಿವು ಸಿಗುತ್ತದೆ.

ಒಂದು ಮಾತನ್ನು ಮಾತ್ರ ಮುಚ್ಚಿಡುವುದಿಲ್ಲ. ಆ ಐದು ವರ್ಷಗಳಲ್ಲಿ ಕನ್ನಡಕ್ಕೆಂದು ದಿನಕ್ಕೆ ಹತ್ತು ನಿಮಿಷವನ್ನೂ ನಾವು ಇಟ್ಟುಕೊಳ್ಳಲಿಲ್ಲ. ಲ್ಯಾಟಿನ್ ಮೂಲಗಳನ್ನು ಸರಾಗವಾಗಿ ಹೇಳುತ್ತಿದ್ದ ಮಗಳಿಗೆ, ಅವಳ ಅಜ್ಜಿ ಹುಟ್ಟುಹಬ್ಬಕ್ಕೆ ಬರೆದ ಪತ್ರವನ್ನು ನಾನೇ ಓದಿ ಹೇಳಬೇಕಾಗಿತ್ತು. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು, ಪತ್ರಗಳು ಇನ್ನೂ ನನ್ನ ಕಪಾಟಿನಲ್ಲಿವೆ.

ಉತ್ತರ (ಮೆಲ್ಬರ್ನ್)

ಈ ಗುಂಪಿನಲ್ಲಿ ಪ್ರತಿ ವರ್ಷವೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ನಾನು ಇದನ್ನೇ ಹೇಳುತ್ತೇನೆ. ದೋಷವಿರುವುದು ಮಗುವಿನಲ್ಲಲ್ಲ, ಕನ್ನಡದಲ್ಲಂತೂ ಅಲ್ಲವೇ ಅಲ್ಲ. ಇಂಗ್ಲಿಷಿನ ಕಾಗುಣಿತಕ್ಕೆ ನಿಯಮವೆಂಬುದೇ ಇಲ್ಲ. ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ನಮ್ಮದು. ಒಂದು ಅಕ್ಷರಕ್ಕೆ ಒಂದೇ ಧ್ವನಿ. ಹಾಗಿರುವಾಗ ಆ ಶಿಕ್ಷಕಿ ಕನ್ನಡವೇ ಗೊಂದಲಕ್ಕೆ ಕಾರಣವೆಂದು ಹೇಳಿದ್ದನ್ನು ನೀವು ಸುಮ್ಮನೆ ಕೇಳಿಕೊಂಡು ಬಂದದ್ದು ಸರಿಯಲ್ಲ. ಮನೆಯ ಹೊಸ್ತಿಲು ದಾಟಿದ ಮೇಲೆ ಒಳಗೆ ಕನ್ನಡ ಮಾತ್ರ ಎಂದು ಕಟ್ಟುನಿಟ್ಟು ಮಾಡಿ. ಇಂಗ್ಲಿಷ್ ತಾನಾಗಿ ಬರುತ್ತದೆ. ಅಷ್ಟಕ್ಕೂ ಆ ಪದಗಳೆಲ್ಲ ಸಂಸ್ಕೃತದಿಂದಲೇ ಹೋದವು ಎಂಬುದನ್ನು ಮಗುವಿಗೆ ತಿಳಿಸಿದರೆ ಅವಳಿಗೆ ಕೀಳರಿಮೆ ಉಳಿಯುವುದಿಲ್ಲ.

ಉತ್ತರ (ಡಲ್ಲಾಸ್)

ಮೆಲ್ಬರ್ನ್‌ನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾವೂ ಹೊಸ್ತಿಲಿನ ನಿಯಮವನ್ನೇ ಪಾಲಿಸಿದೆವು.

ಉತ್ತರ (ಫ್ರಾಂಕ್‌ಫರ್ಟ್)

ಲೀಡ್ಸ್‌ನ ತಂಗಿ, ನಿಮ್ಮ ಮಗಳ ಪ್ರಶ್ನೆಗೆ ಉತ್ತರವಿದೆ, ಅವಳಿಗೆ ಅದು ಹಿಡಿಸುತ್ತದೆ. ಆ ಜಿ ಮತ್ತು ಎಚ್ ಒಂದು ಕಾಲದಲ್ಲಿ ನಿಜವಾಗಿಯೂ ಉಚ್ಚಾರವಾಗುತ್ತಿದ್ದವು. ಗಂಟಲನ್ನು ಉಜ್ಜಿಕೊಂಡು ಬರುವ ಹಕಾರದಂಥ ಧ್ವನಿ ಅದು. ಸ್ಕಾಟ್ಲೆಂಡಿನವರು ಸರೋವರವನ್ನು ಲೋಖ್ ಎಂದು ಕರೆಯುವಾಗ ಇಂದಿಗೂ ಕೇಳಿಸುತ್ತದೆ. ಹಳೆಯ ಇಂಗ್ಲಿಷಿನವರು ಅದನ್ನು ಬರಿಯ ಎಚ್‌ನಿಂದ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯಲ್ಲಿ ಕಲಿತ ಲಿಪಿಕಾರರ ಕೈಯಲ್ಲಿ ಕಾಲಕ್ರಮೇಣ ಜಿ, ಎಚ್ ಜೋಡಿ ರೂಢಿಗೆ ಬಂತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಮುದ್ರಣಯಂತ್ರ ತಂದ ಬಳಿಕ ಕಾಗುಣಿತ ಮೆಲ್ಲಗೆ ಗಟ್ಟಿಯಾಗತೊಡಗಿತು, ಆದರೆ ಸುಮಾರು 1400ರಿಂದ 1700ರವರೆಗೆ ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸುತ್ತಿದ್ದವು, ಗಂಟಲಿನ ಆ ಧ್ವನಿಯೂ ಸವೆದುಹೋಗುತ್ತಿತ್ತು. ಕೆಲವು ಪದಗಳಲ್ಲಿ ಅದು ಪೂರ್ತಿ ಅಳಿಯಿತು, ಟಫ್, ಕಾಫ್‌ನಂಥವುಗಳಲ್ಲಿ ಫಕಾರವಾಗಿ ಉಳಿಯಿತು. ಬರಹ ಮಾತ್ರ ಹಳೆಯ ಧ್ವನಿಯನ್ನೇ ಹಿಡಿದುಕೊಂಡು ನಿಂತಿತು.

ನನ್ನ ಇಬ್ಬರು ಮಕ್ಕಳು ಇಲ್ಲಿ ಜರ್ಮನ್ ಮಾಧ್ಯಮದಲ್ಲಿ ಓದುತ್ತಿರುವುದರಿಂದ ಇದು ನಮಗೆ ದಿನವೂ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷಿನ ಥ್ರೂ ಇಲ್ಲಿ ದುರ್ಶ್, ಇನಫ್ ಇಲ್ಲಿ ಗೆನೂಕ್, ಪ್ಲೌ ಇಲ್ಲಿ ಪ್ಫ್ಲೂಕ್. ನಿಮ್ಮ ಚೀಟಿಯಲ್ಲಿರುವ ಥ್ರೂ ಮತ್ತು ಥರ ಮೂಲದಲ್ಲಿ ಒಂದೇ ಪದ. ಒಂದು ವಸ್ತುವನ್ನು ಈ ಕೊನೆಯಿಂದ ಆ ಕೊನೆಯವರೆಗೆ ತೂರಿ ನೋಡುವುದೇ ಅದನ್ನು ಕೂಲಂಕಷವಾಗಿ ನೋಡುವುದು. ಹೀಗೆ ಒಂದು ಪದ ಎರಡು ಕವಲಾಯಿತು. ಕಾಫ್ ಎಂಬುದು ಕೆಮ್ಮಿನ ಸದ್ದನ್ನೇ ಅನುಕರಿಸಿ ಹುಟ್ಟಿದ ಪದ. ಬಿಕ್ಕಳಿಕೆಗೆ ಹಿಕಪ್ ಎನ್ನುತ್ತಾರಲ್ಲ, ಅದರಲ್ಲೂ ಕಾಫ್ ಇದೆಯೆಂದು ತಪ್ಪಾಗಿ ತಿಳಿದು ಅದರ ಬಾಲಕ್ಕೂ ಈ ನಾಲ್ಕು ಅಕ್ಷರಗಳನ್ನು ಅಂಟಿಸಿ ಬರೆಯುವ ರೂಢಿ ಹಿಂದೆ ಬಂದಿತ್ತು.

ಬೌ ಎಂದರೆ ಮರದ ದೊಡ್ಡ ಕೊಂಬೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಭುಜ, ತೋಳು ಎಂಬ ಅರ್ಥವೂ ಇತ್ತು. ನಾವು ಸಂಸ್ಕೃತದಿಂದ ಪಡೆದು ಆಡುವ ಬಾಹು ಎಂಬ ಪದವೂ ಅದೂ ಒಂದೇ ಬೇರಿನವು. ಚೀಟಿಯಲ್ಲಿ ಇಲ್ಲದಿದ್ದರೂ ಅದೇ ಜಿ, ಎಚ್ ಇರುವ ಇನ್ನೆರಡನ್ನು ನೋಡಿ: ನೈಟ್ ಎಂಬುದಕ್ಕೆ ನಕ್ತ, ಡಾಟರ್ ಎಂಬುದಕ್ಕೆ ದುಹಿತೃ ಬಂಧುಗಳು. ಜರ್ಮನ್‌ನವರು ಇವೆರಡನ್ನು ನಾಖ್ಟ್, ಟೊಖ್ಟರ್ ಎನ್ನುತ್ತಾರೆ, ಗಂಟಲಿನ ಸದ್ದು ಅಲ್ಲಿ ಹಾಗೆಯೇ ಉಳಿದಿದೆ.

ಮೆಲ್ಬರ್ನ್‌ನ ಹಿರಿಯರಿಗೆ ಗೌರವದಿಂದಲೇ ಹೇಳುತ್ತೇನೆ, ಇವು ಸಂಸ್ಕೃತದಿಂದ ಹೋದವಲ್ಲ. ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಉಳಿದಿರದ ಒಂದೇ ಮೂಲದಿಂದ ಕವಲೊಡೆದಿರಬೇಕು ಎಂದಿದ್ದರು. ಇಂಗ್ಲಿಷ್ ಕೂಡ ಅದೇ ಮೂಲದ್ದು, ಆದ್ದರಿಂದ ಇಂಗ್ಲಿಷ್ ಮತ್ತು ಸಂಸ್ಕೃತ ದಾಯಾದಿಗಳು, ತಾಯಿ ಮಗಳಲ್ಲ. ನಮ್ಮ ಕನ್ನಡದ ಮನೆತನವೇ ಬೇರೆ, ಅದು ದ್ರಾವಿಡ.

ಉತ್ತರ (ಮೆಲ್ಬರ್ನ್)

ದಾಯಾದಿಯೋ ತಾಯಿಯೋ, ನಾನು ಹೇಳಿದ್ದು ಕನ್ನಡ ನಿಲ್ಲಿಸಬಾರದೆಂದು. ಒಂದಕ್ಷರಕ್ಕೆ ಒಂದೇ ಧ್ವನಿಯೆಂಬ ನನ್ನ ಮಾತನ್ನು ಇದುವರೆಗೆ ಯಾರೂ ಅಲ್ಲಗಳೆದಿಲ್ಲ.

ಉತ್ತರ (ಮಸ್ಕತ್)

ಊರಿನಲ್ಲಿ ಕನ್ನಡ ಅಧ್ಯಾಪಕನಾಗಿ ನಿವೃತ್ತನಾಗಿ ಮಗನ ಮನೆಯಲ್ಲಿದ್ದೇನೆ, ಆ ಸಲುಗೆಯಿಂದ ಎರಡು ಮಾತು. ಅಂಕ, ಅಂಚು, ಅಂಟು, ಅಂದು, ಅಂಬು ಎಂಬ ಐದು ಪದಗಳನ್ನು ಗಟ್ಟಿಯಾಗಿ ಓದಿ ನೋಡಿ. ಬರೆದದ್ದು ಒಂದೇ ಸೊನ್ನೆ, ಓದಿದ್ದು ಐದು ಬೇರೆ ಬೇರೆ ಅನುನಾಸಿಕ. ಮುಂದಿನ ಅಕ್ಷರ ಯಾವ ವರ್ಗದ್ದೆಂಬ ನಿಯಮ ಇರುವುದರಿಂದ ನಮಗೆ ತೊಡಕಾಗುವುದಿಲ್ಲ, ಅಷ್ಟೆ.

ಎರಡನೆಯದು ಇನ್ನೂ ಮುಖ್ಯ. ಬಾಳು ಎಂದರೆ ಬದುಕು, ಹಳೆಯ ಕಾವ್ಯಗಳಲ್ಲಿ ಬಾಳ್ ಎಂದರೆ ಖಡ್ಗವೂ ಹೌದು. ಹಳಗನ್ನಡದಲ್ಲಿ ಬದುಕನ್ನು ಬಾೞ್ ಎಂದೂ ಖಡ್ಗವನ್ನು ಬಾಳ್ ಎಂದೂ ಬೇರೆಯಾಗಿಯೇ ಬರೆಯುತ್ತಿದ್ದರು. ತಿಳಿಯುವುದಕ್ಕೆ ಅಱಿ, ಕತ್ತರಿಸುವುದಕ್ಕೆ ಅರಿ, ಸಂಸ್ಕೃತದಿಂದ ಬಂದ ಶತ್ರುವಿಗೆ ಅರಿ. ಮಾತಿನಲ್ಲಿ ೞ ಮತ್ತು ಱ ಅಳಿದಾಗ ನಾವು ಲಿಪಿಯಿಂದಲೂ ಅವನ್ನು ಕೈಬಿಟ್ಟೆವು. ಅದರಿಂದ ಓದು ಸುಲಭವಾಯಿತು, ಆದರೆ ಮೂಲ ಬೇರೆಯಾದ ಪದಗಳು ಒಂದೇ ಉಡುಪು ತೊಟ್ಟವು. ಇಂಗ್ಲಿಷಿನವರು ಧ್ವನಿ ಅಳಿದರೂ ಅಕ್ಷರ ಬಿಡಲಿಲ್ಲ, ಅದಕ್ಕಾಗಿ ಈ ಮಗು ಪೆನ್ಸಿಲ್ ಕೆಳಗಿಡಬೇಕಾಯಿತು. ಎರಡೂ ದಾರಿಯಲ್ಲಿ ಒಂದೊಂದು ನಷ್ಟವಿದೆ. ಮಗುವಿಗೆ ಎರಡನ್ನೂ ತೋರಿಸಿರಿ, ಅವಳಿಗೆ ಅರ್ಥವಾಗುವ ವಯಸ್ಸು.

ಉತ್ತರ (ಸಿಂಗಪುರ)

ನನ್ನ ಮಗ ಚಿಕ್ಕವನಿದ್ದಾಗ ಪೆನ್ ಮತ್ತು ಪೆನ್ಸಿಲ್ ಅಕ್ಕತಂಗಿಯರೆಂದು ನಾನೇ ಅವನಿಗೆ ಹೇಳಿದ್ದೆ. ಪೆನ್ ಬಂದದ್ದು ಗರಿ ಎಂಬ ಅರ್ಥದ ಲ್ಯಾಟಿನ್ ಪೆನ್ನಾದಿಂದ, ಪೆನ್ಸಿಲ್ ಬಂದದ್ದು ಪುಟ್ಟ ಬಾಲ ಎಂಬ ಅರ್ಥದ ಪದದಿಂದ, ಕುಂಚವನ್ನು ಹಾಗೆ ಕರೆಯುತ್ತಿದ್ದರು ಎಂದು ಅವನೇ ದೊಡ್ಡವನಾದ ಮೇಲೆ ನನಗೆ ತಿಳಿಸಿದ. ಕುರಿಗಳನ್ನು ಕೂಡುವ ದೊಡ್ಡಿಗೂ ಪೆನ್ ಎನ್ನುತ್ತಾರೆ, ಅದು ಮೂರನೆಯದು, ಹಳೆಯ ಇಂಗ್ಲಿಷಿನ ಸ್ವಂತ ಪದ. ನಾಯಿಯ ಬಾರ್ಕ್ ಹಳೆಯ ಇಂಗ್ಲಿಷಿನದು, ಮರದ ತೊಗಟೆಯ ಬಾರ್ಕ್ ನಾರ್ಸ್ ಜನರಿಂದ ಬಂದದ್ದು.

ನಾವು ಕೂಡ ಶಾಲೆಯವರ ಮಾತು ಕೇಳಿ ಮನೆಯಲ್ಲಿ ಎರಡು ವರ್ಷ ಕನ್ನಡ ನಿಲ್ಲಿಸಿದೆವು. ಎರಡು ವರ್ಷದ ಬಳಿಕ ನಾವು ಮತ್ತೆ ಶುರುಮಾಡಿದಾಗ ಅವನು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ. ಈಗ ಅವನಿಗೆ ಇಪ್ಪತ್ತೆರಡು, ಇಂದಿಗೂ ಹಾಗೆಯೇ. ದಯವಿಟ್ಟು ನಿಲ್ಲಿಸಬೇಡಿ.

ಉತ್ತರ (ಡಲ್ಲಾಸ್)

ನೋಡಿ, ಕೊನೆಗೆ ಎಲ್ಲರೂ ಮೆಲ್ಬರ್ನ್‌ನ ಅಣ್ಣ ಹೇಳಿದ ಹೊಸ್ತಿಲಿನ ನಿಯಮಕ್ಕೇ ಬಂದಿರಿ.

ಉತ್ತರ (ಫ್ರಾಂಕ್‌ಫರ್ಟ್)

ನಿಯಮದ ಮಾತು ಬೇರೆ, ಶುಕ್ರವಾರದ ಹತ್ತು ಪದಗಳ ಮಾತು ಬೇರೆ. ಬರ್ಮಿಂಗ್‌ಹ್ಯಾಮ್‌ನವರು ಕೊಟ್ಟ ಗುಂಪುಗಳನ್ನು ಮೊದಲು ಮಾಡಿಸಿ, ಆಮೇಲೆ ಪ್ರತಿ ಪದಕ್ಕೆ ಒಂದು ಕತೆ ಸೇರಿಸಿ.

ಮೂಲ ಬರಹದವರು (ಲೀಡ್ಸ್)

ಎಲ್ಲರಿಗೂ ಕೃತಜ್ಞತೆಗಳು. ಹೊಸ್ತಿಲಿನ ನಿಯಮದ ಬಗ್ಗೆ ನನಗೆ ಖಾಸಗಿಯಾಗಿಯೂ ಅನೇಕ ಸಂದೇಶಗಳು ಬಂದವು. ಕನ್ನಡವನ್ನು ನಾವು ನಿಲ್ಲಿಸುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ, ಶಿಕ್ಷಕಿಗೂ ಅದನ್ನು ಸೌಮ್ಯವಾಗಿಯೇ ತಿಳಿಸಿದ್ದೇನೆ.

ಗುರುವಾರ ರಾತ್ರಿ ಊಟದ ಮೇಜಿನ ಮೇಲೆ ಚೀಟಿಯನ್ನು ಐದು ತುಂಡು ಮಾಡಿ ಗುಂಪು ಹಾಕಿದೆವು. ಬೌ ಎಂದರೆ ಬಾಹು ಎಂದಾಗ ಅವಳು ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಮರ ಬರೆದು, ಅದರ ಕೊಂಬೆಗಳಿಗೆ ಮೊಣಕೈ ಹಾಕಿ, ಬೆರಳುಗಳನ್ನೂ ಬಿಡಿಸಿದಳು. ಕಾಫ್ ಎಂದು ಮೂರು ಸಲ ಹೇಳಿ ನೋಡಿ, ಕೆಮ್ಮು ಎನ್ನುವಾಗಲೂ ಕೆಮ್ಮಿದ ಹಾಗೆಯೇ ಇದೆ ಎಂದಳು. ಜಿ, ಎಚ್ ಬಂದಲ್ಲೆಲ್ಲ ಗಂಟಲಿನಿಂದ ಸದ್ದು ಮಾಡುತ್ತಾ ಬರೆಯುವುದು ಅವಳಿಗೆ ಆಟವಾಯಿತು, ಅವಳ ಅಪ್ಪನೂ ಸೇರಿಕೊಂಡರು. ಶುಕ್ರವಾರ ಹತ್ತರಲ್ಲಿ ಒಂಬತ್ತು ಸರಿಯಾದವು, ಥರ ಒಂದು ತಪ್ಪಿತು. ಅದರಲ್ಲಿ ಟಿ, ಎಚ್ ಆದಮೇಲೆ ಬರುವ ಓ ಅವಳಿಗೆ ಬಿಟ್ಟುಹೋಗಿ ಅದು ರಫ್‌ನ ತಮ್ಮನ ಹಾಗೆ ಕಾಣುತ್ತಿತ್ತು.

ಮುಂದಿನ ವಾರದ ಚೀಟಿ ಬಂದಿದೆ. ಈ ಸಲ ಎ, ಯು, ಜಿ, ಎಚ್. ಡಾಟರ್ ಮತ್ತು ಲಾಫ್ ಅಕ್ಕಪಕ್ಕದಲ್ಲಿವೆ. ಮೊದಲನೆಯದರ ಪಕ್ಕದಲ್ಲಿ ಅವಳೇ ಕನ್ನಡದಲ್ಲಿ ದುಹಿತೃ ಎಂದು ಬರೆದುಕೊಂಡಿದ್ದಾಳೆ, ಋ ವಟ್ರಸುಳಿಯನ್ನು ಎರಡು ಸಲ ಅಳಿಸಿ ತಿದ್ದಿದ ಗುರುತಿದೆ. ಫ್ರಾಂಕ್‌ಫರ್ಟ್‌ನ ಅಕ್ಕ, ನಗುವುದಕ್ಕೆ ಜರ್ಮನ್‌ನಲ್ಲಿ ಏನೆನ್ನುತ್ತಾರೆ, ಅಲ್ಲಿಯೂ ಗಂಟಲಿನ ಸದ್ದು ಇದೆಯೇ ಎಂದು ಕೇಳುತ್ತಿದ್ದಾಳೆ.