ಕೌದಿಗೆ ಬೆಂಬಲ ಬೆಲೆ

ನಮ್ಮ ಕಲಬುರಗಿಯಲ್ಲಿ ತೊಗರಿಯ ರೇಟು ಗೊತ್ತಿಲ್ಲದವರು ಸಿಗುವುದು ಕಷ್ಟ. 2025-26ರ ಹಂಗಾಮಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಅಂತ ಹಾಲಿನವನೂ ಹೇಳುತ್ತಾನೆ, ಕಟಿಂಗ್ ಅಂಗಡಿಯವನೂ ಹೇಳುತ್ತಾನೆ. ಪೇಟೆಯಲ್ಲಿ ಅಷ್ಟು ಎಲ್ಲಿ ಸಿಗುತ್ತದೆ ಅಂತ ಇಬ್ಬರೂ ಸೇರಿ ಬೈಯುತ್ತಾರೆ. ಆದರೆ ನಮ್ಮ ಓಣಿಯ ವೈನಿ ಹಳೇ ಸೀರೆ ಜೋಡಿಸಿ ಹೊಲಿದ ಕೌದಿಗೆ ಎಷ್ಟು ಅಂತ ಕೇಳಿ ನೋಡಿ. ಎಲ್ಲರೂ ಆಕಾಶ ನೋಡುತ್ತಾರೆ.

ವೈನಿ ಅಂದರೆ ಅತ್ತಿಗೆ, ಇವರು ಓಣಿಗೆಲ್ಲ ವೈನಿ. ಅವರಿಗೊಂದು ಹೆಸರಿದೆ, ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿದೆ. ಅವರ ಗಂಡ, ಅಂದರೆ ನಮಗೆಲ್ಲ ಅಣ್ಣ, ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನೀಮರು. ಶಾಲೆಗೆ ಹೋಗುವ ಎರಡು ಮಕ್ಕಳು, ಮೂಲೆಯಲ್ಲಿ ಜಪಮಣಿ ಹಿಡಿದು ಕೂತ ಅತ್ತೆ. ಮದುವೆಗೆ ಮುಂಚೆ ವೈನಿ ಡಿಗ್ರಿ ಮುಗಿಸಿದ್ದರು. ಮಾರ್ಕ್ಸ್ ಕಾರ್ಡು ಟ್ರಂಕಿನಲ್ಲಿ ಹಳೇ ಸೀರೆಗಳ ಅಡಿ ಇತ್ತು. ಕೌದಿಗೆ ಅಂತ ಸೀರೆ ತೆಗೆಯುವಾಗ ಒಮ್ಮೆ ಕೈಗೆ ಸಿಕ್ಕಿತಂತೆ. ಸೀರೆ ತೆಗೆದುಕೊಂಡು ಟ್ರಂಕು ಮುಚ್ಚಿದರು.

ಕೌದಿ ಹೊಲಿಯುವುದು ಅವರಿಗೆ ಚಟ. ಮಕ್ಕಳು ಶಾಲೆಗೆ, ಅಣ್ಣ ಮಿಲ್ಲಿಗೆ ಹೋದ ಮೇಲೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ಹಳೇ ಇಳಕಲ್ ಸೀರೆ ಹಾಸುತ್ತಾರೆ. ಅದರ ಮೇಲೆ ಅಣ್ಣನ ಸವೆದ ಧೋತರ. ಅದರ ಮೇಲೆ ಬಣ್ಣಬಣ್ಣದ ಚಿಂದಿ. ಆಮೇಲೆ ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಸುತ್ತುತ್ತಾ ಜೋಡಿ ದಾರದಲ್ಲಿ ಹೊಲಿಗೆ. ಒಂದೊಂದು ಹೊಲಿಗೆ ಅಕ್ಕಿಕಾಳಿನಷ್ಟು. ನಡುವಿನ ಕೊನೆಯ ತೇಪೆ ಮುಚ್ಚುವ ಮುಂಚೆ ಅತ್ತೆ ಒಂದು ಚೂರು ರೊಟ್ಟಿ ತಂದು ಅದರ ಕೆಳಗೆ ಇಡುತ್ತಾರೆ. ಕೌದಿ ಹಸಿದಿರಬಾರದಂತೆ.

ಈ ಸಲ ತಂಗಿಯ ಮಗುವಿಗೆ ಹೊಲಿದ ಕೌದಿಯಲ್ಲಿ ವೈನಿ ಒಂದು ಕಿತಾಪತಿ ಮಾಡಿದ್ದರು. ದೊಡ್ಡ ಮಗನ ಹಳೇ ಯೂನಿಫಾರ್ಮ್ ಶರ್ಟಿನ ಜೇಬನ್ನು ಬಿಚ್ಚದೆ, ಜೇಬಿನ ಸಮೇತವೇ ಒಂದು ತೇಪೆ ಹಾಕಿದ್ದರು. ಜೇಬಿನ ಮೇಲೆ ಇಂಕಿನ ಕಲೆ ಕೂಡ ಹಾಗೇ ಇತ್ತು. ತಂಗಿ ಬೆಂಗಳೂರಿನಲ್ಲಿ ಅದರ ಫೋಟೋ ಸ್ಟೇಟಸ್‌ಗೆ ಹಾಕಿದಳು. ಅವಳ ಆಫೀಸಿನ ಮೇಡಂ ಒಬ್ಬರು ವೈನಿಗೆ ಮೆಸೇಜು ಮಾಡಿದರು. "ದೊಡ್ಡವರು ಹೊದೆಯುವಂಥದ್ದು ಒಂದು ಬೇಕು. ಜೇಬು ಇರಲೇಬೇಕು. ಎಷ್ಟು ಆಗುತ್ತೆ?"

ಎಷ್ಟು ಆಗುತ್ತೆ! ಮೆಸೇಜಿಗೆ ನೀಲಿ ಟಿಕ್ ಬಿತ್ತು, ಉತ್ತರ ಹೋಗಲಿಲ್ಲ. ವೈನಿ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಮಧ್ಯಾಹ್ನ ಅವರ ಮನೆ ಕಟ್ಟೆಯ ಮೇಲೆ ಸಭೆ ಸೇರಿತು. ಎಳ್ಳಮಾಸಿ ಹಬ್ಬ ಆಗ ತಾನೇ ಮುಗಿದಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಇನ್ನೂ ಖಾಲಿಯಾಗಿರಲಿಲ್ಲ. ಅದನ್ನು ಖಾಲಿ ಮಾಡುವುದೂ ಸಭೆಯ ಉದ್ದೇಶ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಹಾಜರಿದ್ದವರು: ಹೈಸ್ಕೂಲಿನಲ್ಲಿ ಗಣಿತ ಹೇಳುವ ಟೀಚರ್ ಅಕ್ಕ. ಎದುರು ಮನೆಯ ಭಾಭಿ, ಸೀರೆಗೆ ಫಾಲ್ಸ್-ಪಿಕೋ ಹಾಕುವವರು, ನಮ್ಮ ಪೈಕಿ ಸ್ವಂತ ದುಡ್ಡು ಎಣಿಸಿ ಗೊತ್ತಿದ್ದವರಲ್ಲಿ ಒಬ್ಬರು. ನಾನು. ಮತ್ತೆ ಮೂಲೆಯಲ್ಲಿ ಅತ್ತೆ. ಅವರಿಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ನಾವು ಅಲ್ಲಿವರೆಗೂ ನಂಬಿದ್ದೆವು.

"ನಾನು 500 ಅಂತ ಹೇಳಲಾ?" ಅಂದರು ವೈನಿ, ಕಳ್ಳತನ ಒಪ್ಪಿಕೊಳ್ಳುವ ದನಿಯಲ್ಲಿ.

"500ಕ್ಕೆ ಕೌದಿಯಾ, ಜೇಬಾ?" ಅಂದರು ಭಾಭಿ.

"ಮನೆಯಲ್ಲಿ ಖಾಲಿ ಕೂತು ಮಾಡಿದ್ದಲ್ವಾ ಭಾಭಿ. ಸೀರೆನೂ ಹಳೇದು."

ಈ ಮಾತಿಗೆ ಭಾಭಿಗೆ ಸಿಟ್ಟು ನೆತ್ತಿಗೇರಿತು. ಅವರ ತವರು ಬೀದರ್. ತಮ್ಮ ಬಿದರಿ ಕೆಲಸ ಮಾಡುತ್ತಾನೆ. "ಅರೆ, ನನ್ನ ತಮ್ಮನೂ ದಿನವಿಡೀ ಕೂತೇ ಕೆಲಸ ಮಾಡ್ತಾನೆ. ಸತುವು, ತಾಮ್ರ ಕೂಡಿಸಿ ಎರಕ ಹೊಯ್ದ ಹೂದಾನಿಗೆ ಬೆಳ್ಳಿ ತಂತಿ ಬಡೀತಾನೆ. ಆಮೇಲೆ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡ್ತಾನೆ. ಕೋಟೆಯ ಮಣ್ಣು ಅಂದರೆ ನಿನ್ನ ಸೀರೆಗಿಂತ ಹಳೇದು. ಹಳೇ ಮಣ್ಣು ಅಂತ ಯಾರಾದರೂ ಕಡಿಮೆ ಕೊಡ್ತಾರಾ? ಅದಕ್ಕೆ ಸರ್ಕಾರ 2006ರಲ್ಲೇ, ಇದು ಈ ಊರಿನದೇ ಮಾಲು ಅಂತ ಜಿಐ ಟ್ಯಾಗ್ ಕೊಟ್ಟಿದೆ."

"ನಮ್ಮ ತೊಗರಿಬೇಳೆಗೂ ಇದೆ, 2019ರಲ್ಲಿ ಬಂತು" ಅಂದೆ ನಾನು. ಊರಿನ ಮರ್ಯಾದೆ ಪ್ರಶ್ನೆ.

"ಇದೆಯಲ್ಲ? ಬೇಳೆಗೆ ಇದೆ, ಹೂದಾನಿಗೆ ಇದೆ. ಇವಳು ಮಾತ್ರ 500ಕ್ಕೆ ಕೊಡ್ತಾಳಂತೆ."

ಟೀಚರ್ ಅಕ್ಕ ಅಷ್ಟರಲ್ಲಿ ಪೇಪರಿನ ಅಂಚಿನಲ್ಲಿ ಲೆಕ್ಕ ಶುರು ಮಾಡಿದ್ದರು. ಅವರಿಗೆ ಖಾಲಿ ಅಂಚು ಕಂಡರೆ ಕೈ ಸುಮ್ಮನಿರಲ್ಲ. "ದಿನಕ್ಕೆ ಎಷ್ಟು ತಾಸು ಹೊಲೀತೀರಿ?"

"ಹನ್ನೊಂದರಿಂದ ನಾಲ್ಕರವರೆಗೆ."

"ಐದು ತಾಸು."

"ಐದಲ್ಲ ಅಕ್ಕ. ನಡುವೆ ಕುಕ್ಕರ್ ಇಳಿಸಬೇಕು. ಅತ್ತೆಗೆ ಚಹಾ. ಗ್ಯಾಸಿನವನು ಬಂದರೆ ಏಳಬೇಕು. ಮೂರು ಅಂತ ಬರೀರಿ."

ಮೂರು ತಾಸು, ಇಪ್ಪತ್ತು ದಿನ. ಅಲ್ಲಿಗೆ 60 ತಾಸು. ಎಂಟು ತಾಸಿಗೆ ಒಂದು ಕೂಲಿ ಅಂತ ಹಿಡಿದರೆ ಏಳೂವರೆ ಕೂಲಿ. ನಮ್ಮ ರಾಜ್ಯದಲ್ಲಿ 2025-26ಕ್ಕೆ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಗುಣಿಸಿದರೆ 2,775. ದಾರ, ಸೂಜಿ, ಹೊಸ ಅಂಚಿನ ಬಟ್ಟೆಗೆ 225 ಸೇರಿಸಿ ಟೀಚರ್ ಅಕ್ಕ 3,000ದ ಕೆಳಗೆ ಎರಡು ಗೆರೆ ಎಳೆದರು. ಪರೀಕ್ಷೆಯಲ್ಲಿ ಉತ್ತರಕ್ಕೆ ಎಳೆಯುವ ಹಾಗೆ.

ಕಟ್ಟೆ ಮೌನವಾಯಿತು. ವೈನಿ ಹೋಳಿಗೆ ಕೈಯಿಂದ ಕೆಳಗಿಟ್ಟರು. "ಯವ್ವಾ! ಮೂರು ಸಾವಿರಾ? ಚಿಂದಿಗೆ?"

"ಇದು ಕೆರೆ ಹೂಳೆತ್ತುವ ಕೂಲಿ. ಕಸುಬಿನ ಕೂಲಿ ಇನ್ನೂ ಹಿಡಿದಿಲ್ಲ" ಅಂದರು ಟೀಚರ್ ಅಕ್ಕ.

ಇಲ್ಲಿ ನನ್ನದೂ ಒಂದು ಮಾತು ಇದೆ. ವೈನಿ ಕೌದಿಯನ್ನು ಓಣಿಯವರು ಹೊಗಳಿದಷ್ಟು ಯಾವುದನ್ನೂ ಹೊಗಳಿಲ್ಲ. ಕೈಯಲ್ಲಿ ಕಲೆ ಇದೆ ಅಂತಾರೆ, ದೇವರು ಕೊಟ್ಟಿದ್ದು ಅಂತಾರೆ. ಹೊಗಳಿದ ಮೇಲೆ ಒಂದು ಗಂಟು ಹಳೇ ಸೀರೆ ತಂದು ಇಟ್ಟು ಹೋಗುತ್ತಾರೆ. "ಸೀರೆ ನಮ್ಮದೇ, ನಿಮ್ಮದು ಬರೀ ದಾರ, ಮತ್ತೆ ದುಡ್ಡು ಯಾಕೆ?" ಅಂತ ಒಬ್ಬರು ಬಾಯಿಬಿಟ್ಟೇ ಕೇಳಿದ್ದರು. ಇದೇ ಲೆಕ್ಕದಲ್ಲಿ ಗೋಧಿ ನಮ್ಮದೇ ಅಂತ ಗಿರಣಿಯವನಿಗೂ ದುಡ್ಡು ಕೊಡಬೇಕಾಗಿಲ್ಲ. ಗಿರಣಿಯವನನ್ನು ಯಾರೂ ಹೊಗಳಲ್ಲ ನೋಡಿ, ಅದಕ್ಕೇ ಅವನಿಗೆ ದುಡ್ಡು ಸಿಗುತ್ತದೆ.

"ಅದೆಲ್ಲ ಸರಿ" ಅಂದರು ವೈನಿ. "ಆದರೆ ದುಡ್ಡು ಫೋನಿಗೆ ಬಂದರೆ ಜಿಎಸ್‌ಟಿ ನೋಟಿಸ್ ಬರುತ್ತಂತಲ್ಲ?"

ಈ ಹೆದರಿಕೆ ಅವರೊಬ್ಬರದಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿ, ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಚೀಟಿ ಬಿದ್ದವಲ್ಲ, ಆವತ್ತಿನಿಂದ ಹೂ ಮಾರುವವರೂ ಜಿಎಸ್‌ಟಿ ಬಗ್ಗೆ ಮಾತಾಡುತ್ತಾರೆ. ಟೀಚರ್ ಅಕ್ಕ ಪೇಪರಿನ ಇನ್ನೊಂದು ಅಂಚು ಹುಡುಕಿದರು. "ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮೂರು ಸಾವಿರದ ಕೌದಿ ಮಾರಿ 40 ಲಕ್ಷ ಆಗಬೇಕಾದರೆ 1,333 ಕೌದಿ. ಅಂದರೆ ದಿನಕ್ಕೆ ಮೂರೂವರೆಗಿಂತ ಜಾಸ್ತಿ. ನೀವು ಒಂದು ಮುಗಿಸೋದಕ್ಕೆ ಇಪ್ಪತ್ತು ದಿನ ತಗೋತೀರಿ."

"ನೋಟಿಸ್ ಬರೋ ಹೊತ್ತಿಗೆ ಮೊಮ್ಮಕ್ಕಳು ಓದಿ ಹೇಳ್ತಾರೆ ಬಿಡು" ಅಂದರು ಭಾಭಿ.

ಸಣ್ಣ ಉದ್ಯಮದವರು ಮಾಡಿಸುವ ಉದ್ಯಮ್ ನೋಂದಣಿಯ ಮಾತೂ ಬಂತು. ಅದು 2020ರ ಜುಲೈನಿಂದ ಇದೆ, ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಆಗುತ್ತದೆ. ಭಾಭಿ ತಮ್ಮ ಪಿಕೋ ಮಷಿನ್ನಿಗೆ ಸಾಲ ಕೇಳುವಾಗ ಇದನ್ನು ಮಾಡಿಸಲು ಒಂದು ಆನ್‌ಲೈನ್ ಅಂಗಡಿಯಲ್ಲಿ 500 ಕೊಟ್ಟಿದ್ದರು. ಪುಕ್ಕಟೆ ಅಂತ ಆಮೇಲೆ ಗೊತ್ತಾಯಿತು. ಈಗಲೂ ಆ ಅಂಗಡಿಯ ಮುಂದೆ ಹೋಗುವಾಗ ಅವರ ಚಪ್ಪಲಿಯ ಸದ್ದು ಜೋರಾಗುತ್ತದೆ.

ನಾನು ಒಂದು ಸಂಶಯ ಎತ್ತಿದೆ. "ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ದಾಟುತ್ತೆ. ಫ್ಯಾನ್ ಕೆಳಗೂ ಬೇಯ್ತೀವಿ. ಕಲಬುರಗಿಯಲ್ಲಿ ಕೂತು ಕೌದಿ ವ್ಯಾಪಾರ ಅಂದರೆ ಜನ ನಗಲ್ವಾ?"

"ಹೊದೆಯೋದಕ್ಕೇ ಯಾಕೆ ಬೇಕು? ಹಾಸಿಕೊಂಡರೆ ತಂಪು!"

ಈ ಮಾತು ಮೂಲೆಯಿಂದ ಬಂತು. ನಾವೆಲ್ಲ ತಿರುಗಿ ನೋಡಿದೆವು. ಅತ್ತೆ ಜಪಮಣಿ ತಿರುಗಿಸುತ್ತಲೇ ಇದ್ದರು. "ಮತ್ತೆ ಜೇಬಿಗೆ ಬೇರೆ ದುಡ್ಡು ತಗೋ" ಅಂದರು. "ಜೇಬು ಬೇಕೇ ಬೇಕು ಅಂತ ಅವರೇ ಕೇಳಿದಾರಲ್ಲ?"

ಭಾಭಿ ಎದ್ದು ಹೋಗಿ ಅತ್ತೆಯ ಕೈ ಹಿಡಿದರು. ವ್ಯಾಪಾರಸ್ಥರು ವ್ಯಾಪಾರಸ್ಥರನ್ನು ಗುರುತಿಸುತ್ತಾರೆ.

ಸರಿ, ಜೇಬಿಗೆ 200. ಒಟ್ಟು 3,200, ಕೊರಿಯರ್ ಬೇರೆ, ಅರ್ಧ ಮುಂಗಡ. ಈಗ ಉತ್ತರ ಬರೆಯಬೇಕು. ಮೂರು ಸಾಲಿನ ಮೆಸೇಜಿಗೆ ನಾಲ್ಕು ಜನ ಸೇರಿ ಮುಕ್ಕಾಲು ತಾಸು ತೆಗೆದುಕೊಂಡೆವು. ವೈನಿ "ನಮಸ್ಕಾರ ಮೇಡಂ, ತಪ್ಪು ತಿಳೀಬೇಡಿ" ಅಂತ ಶುರು ಮಾಡಿದರು. ಭಾಭಿ "ತಪ್ಪು ತಿಳೀಬೇಡಿ" ತೆಗೆಸಿದರು. "ದಾರದ ರೇಟು ಜಾಸ್ತಿ ಆಗಿದೆ" ಅಂತ ವೈನಿ ಬರೆದರು. ಅದೂ ಹೋಯಿತು. ಎಲ್ಲಾ ಹೋಗಿ ಬರೀ 3,200 ಉಳಿದಾಗ ಅದು ಅವರಿಗೆ ಬೆತ್ತಲೆ ನಿಂತ ಹಾಗೆ ಕಂಡಿತು. ಸುಮ್ನೆ ಇರಲಾರದೆ ಕೊನೆಗೆ "ಜಾಸ್ತಿ ಅನ್ನಿಸಿದರೆ ಕಡಿಮೆ ಮಾಡ್ತೀನಿ" ಅಂತ ಸೇರಿಸಲು ಹೋದರು. ಭಾಭಿ ಫೋನ್ ಕಿತ್ತುಕೊಂಡು, ಅಷ್ಟು ಅಳಿಸಿ, ಕಳಿಸಿಯೇ ಬಿಟ್ಟರು.

"ಕಳಿಸಿದ್ರಾ?" ಅಂದರು ವೈನಿ. ಮುಖ ಸುಣ್ಣ ಬಳಿದಂತಾಗಿತ್ತು.

"ಕಳಿಸಿದೆ. ಇನ್ನು ಬಾಯಿ ಮುಚ್ಚಿಕೊಂಡಿರು. ರೇಟು ಹೇಳಿದ ಮೇಲೆ ಮೊದಲು ಮಾತಾಡಿದವರೇ ಸೋತರು."

ಸಂಜೆ ಅಣ್ಣ ಬಂದರು. ಹೊಸ ತೊಗರಿ ಪೇಟೆಗೆ ಬರುವ ಕಾಲ, ಮೈಮೇಲೆಲ್ಲ ಮಿಲ್ಲಿನ ದೂಳು. ಸುದ್ದಿ ಕೇಳಿ ಮೊದಲು ನಕ್ಕರು. "ಗೃಹಲಕ್ಷ್ಮಿ 2,000 ಬರುತ್ತಲ್ಲ, ಇದೊಂದು ಯಾಕೆ ತಲೆನೋವು?" ಅಂದರು.

"ಅದು ಸರ್ಕಾರ ಕೊಡೋದು. ಇದು ಗಿರಾಕಿ ಕೊಡೋದು" ಅಂದರು ಅತ್ತೆ.

ಅಷ್ಟರಲ್ಲಿ ಫೋನ್ ಟಿಂಗ್ ಅಂದಿತು. 1,600 ಮುಂಗಡ ಬಂದಿತ್ತು. ಕೆಳಗೆ ಒಂದೇ ಸಾಲು: "ಜೇಬಿನ ಮೇಲೆ ಇಂಕಿನ ಕಲೆ ಇರಲಿ."

ಅಣ್ಣ ಫೋನ್ ಇಸಿದುಕೊಂಡು ಎರಡು ಸಲ ನೋಡಿದರು. ಆಮೇಲೆ ಕನ್ನಡಕ ಏರಿಸಿ ಪೇಪರಿನ ಅಂಚಿನ ಲೆಕ್ಕ ಓದಿದರು. ಮುನೀಮರ ಕಣ್ಣು. ಕೂಲಿ ಸರಿ ಇದೆ ಅಂದರು, ದಾರ ಸರಿ ಇದೆ ಅಂದರು. ಕಲೆ ಬೀಳಿಸಲು ಇಂಕಿನ ಖರ್ಚು ಹಿಡಿದಿಲ್ಲ ಅಂದರು. ಕೊನೆಗೆ ಪೆನ್ನು ತೆಗೆದು 3,200ರ ಕೆಳಗೆ "ಹಮಾಲಿ" ಅಂತ ಬರೆದರು.

"ಇದು ಯಾರಿಗೆ?" ಅಂದರು ಟೀಚರ್ ಅಕ್ಕ.

"ಪಾರ್ಸಲ್ ಹೊತ್ತುಕೊಂಡು ಸೂಪರ್ ಮಾರ್ಕೆಟ್‌ನ ಕೊರಿಯರ್ ತನಕ ಹೋಗೋನು ನಾನೇ ಅಲ್ವಾ? ನಮ್ಮ ಮಿಲ್ಲಿನಲ್ಲಿ ಚೀಲ ಎತ್ತಿದವನಿಗೆಲ್ಲ ಹಮಾಲಿ ಉಂಟು."

"ಹಾಗಾದರೆ ಸೀರೆ ನಂದು, ಹೊಲಿಗೆ ಕಲಿಸಿದ್ದು ನಾನು, ರೊಟ್ಟಿ ಚೂರು ನಂದು. ನನಗೆ ದಲಾಲಿ ಬರೀ" ಅಂದರು ಅತ್ತೆ.

ವೈನಿ ಪೇಪರನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಮಡಚಿ ಸೆರಗಿನೊಳಗೆ ಸಿಕ್ಕಿಸಿದರು. ಮಧ್ಯಾಹ್ನ 500 ಅಂದಾಗ ಇದ್ದ ದನಿ ಎಲ್ಲಿ ಹೋಯಿತೋ.

"ಕೊಡೋಣಂತೆ. ಹಮಾಲಿನೂ ಕೊಡೋಣ, ದಲಾಲಿನೂ ಕೊಡೋಣ. ಆದರೆ ನಿಮ್ಮ ಮಿಲ್ಲಿನವರು ರೈತರಿಗೆ ಹೇಳ್ತಾರಲ್ಲ ರೀ, ಅದೇ ನಮ್ಮಲ್ಲೂ. ಮಾಲು ಇವತ್ತು ಹಾಕಿ ಹೋಗಿ. ಪೇಮೆಂಟು ಎಂಟು ದಿನ ಬಿಟ್ಟು ಬಂದು ಕೇಳಿ."