ಸೂರ್ಯ ರೀಲ್ಸ್‌ಗೆ ಲಾಯಕ್ಕಿಲ್ಲ

ಧಾರವಾಡದ ಮಳೆ ನಿಲ್ಲುವ ಲಕ್ಷಣವೇ ಇರಲಿಲ್ಲ. ಲೈನ್ ಬಜಾರಿನ ಮಿರ್ಚಿ ಅಂಗಡಿಯ ತಗಡಿನ ಕೆಳಗೆ ನಾಲ್ವರೂ ಸಿಕ್ಕಿಬಿದ್ದಿದ್ದರು. ಬಂಡೂ ಮೊಬೈಲ್ ಚಾಚಿದ.

"ನೋಡ್ರಿ ಮಾಸ್ತರ, ನನ್ನ ಮಗನ ಸಾಲಿಯಲ್ಲಿ ಈಗ ವಿಜ್ಞಾನವೆಲ್ಲ 30 ಸೆಕೆಂಡಿನ ವಿಡಿಯೋ. ಕಾಳು, ಬೇರು, ಎಲೆ... ಮುಗೀತು!"

ಮಾಸ್ತರು ಗಿರ್ಮಿಟ್ಟಿನಿಂದ ತಲೆ ಎತ್ತಲಿಲ್ಲ. "ಸೂರ್ಯನ ಪಾಠ?"

"ಅದೂ 30 ಸೆಕೆಂಡ್."

"ಆಗೋ ಮಾತಲ್ಲ ಬಿಡು. ಸೂರ್ಯನ ಬೆಳಕು ಇಲ್ಲಿಗೆ ಬರೋಕೆ ಸುಮಾರು 8 ನಿಮಿಷ 20 ಸೆಕೆಂಡ್ ಬೇಕು. ಅಷ್ಟರಲ್ಲಿ ನಿನ್ನ ಮಗ 16 ವಿಡಿಯೋ ದಾಟಿ, ಹದಿನೇಳನೆಯದರಲ್ಲಿ ಬೆಕ್ಕಿನ ಡಾನ್ಸ್ ನೋಡುತ್ತಿರುತ್ತಾನೆ. ಸೂರ್ಯ ರೀಲ್ಸ್‌ಗೆ ಲಾಯಕ್ಕಿಲ್ಲ."

"ಚಂದ್ರ?" ಶ್ಯಾಮ ಕೇಳಿದ.

"ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ. ನಪಾಸು."

"ಮಿಂಚು?"

"ಫಸ್ಟ್ ಕ್ಲಾಸ್ ಪಾಸು. ಗುಡುಗಿನದೇ ತಕರಾರು."

ಬಂಡೂ ಆ ವಿಡಿಯೋವನ್ನೂ ಹುಡುಕಿ ತೆಗೆದ. ಫಳ್ ಎಂದದ್ದೂ ಧಡಾರ್ ಎಂದದ್ದೂ ಒಟ್ಟಿಗೇ. ಮಾಸ್ತರು ಈಗ ಪ್ಲೇಟು ಕೆಳಗಿಟ್ಟರು.

"ನನಗೆ ಉರಿಯೋದು ಇದಕ್ಕೇ! ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಿಂಚಿದ ಮೇಲೆ ಎಣಿಸಬೇಕು. ಮೂರಕ್ಕೆ ಗುಡುಗಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. ಪುಕ್ಕಟೆ ಪ್ರಯೋಗ. ನಿಮ್ಮವರು ಆ ಮೂರು ಸೆಕೆಂಡನ್ನೇ ಕತ್ತರಿಸಿ ಬಿಸಾಕಿದ್ದಾರೆ. ಪಾಠ ಇದ್ದದ್ದೇ ಅಲ್ಲಿ!"

"ಮೂರು ಸೆಕೆಂಡ್ ಸುಮ್ನೆ ಬಿಟ್ಟರೆ ಯಾರು ನೋಡ್ತಾರೆ ರೀ?"

ಅಷ್ಟರಲ್ಲಿ ಹೊರಗೆ ಮಿಂಚಿತು. ಮಾಸ್ತರು ಗಟ್ಟಿಯಾಗಿ ಎಣಿಸತೊಡಗಿದರು. "...ಏಳು, ಎಂಟು, ಒಂಬತ್ತು!" ಧಡಾರ್! "ಮೂರು ಕಿಲೋಮೀಟರ್. ಕೆಲಗೇರಿ ಕಡೆ ಇರಬೇಕು."

ಅಂಗಡಿಯವನು ಒಂಬತ್ತು ಮಿರ್ಚಿ ತಂದಿಟ್ಟ.

"ನಿಮ್ಮದು ಅತಿಯಾಯಿತು," ಎಂದರು ವಿಮಲಕ್ಕ. "ನೀವು ಬೋರ್ಡ್ ಮೇಲೆ ಬರೆಯುತ್ತಿದ್ದ ಹೃದಯ ಥೇಟ್ ಬದನೆಕಾಯಿ. ಕವಾಟ ಹೇಗೆ ತೆರೆದು ಮುಚ್ಚುತ್ತದೆ ಅಂತ ನನಗೆ ಗೊತ್ತಾದದ್ದೇ ಮೊನ್ನೆ, ಮೊಮ್ಮಗಳ ವಿಡಿಯೋದಲ್ಲಿ."

"ಹೃದಯ ಪಾಸು. ನಿಮಿಷಕ್ಕೆ 72 ಬಡಿತ ಅಂದರೆ 30 ಸೆಕೆಂಡಿಗೆ 36 ಸಿಗುತ್ತದೆ, ಸಾಕು. ಕಣ್ಣಿಗೆ ಕಾಣದ್ದನ್ನು ತೋರಿಸಲಿ, ಬೇಡ ಅಂದವರು ಯಾರು? ಆದರೆ ಹೆಸರುಕಾಳಿನ ಮೊಳಕೆಯನ್ನೂ ಮೊಬೈಲಿನಲ್ಲೇ ನೋಡಬೇಕಾ? ಹಸಿ ಹತ್ತಿಯಲ್ಲಿ ಕಾಳಿಟ್ಟು ಹುಡುಗರು ದಿನಾ ಬೆಳಿಗ್ಗೆ ಓಡಿ ಬಂದು ಕಿಟಕಿಗೆ ಮುತ್ತುತ್ತಿದ್ದರು. ಒಬ್ಬನ ಡಬ್ಬಿ ಮಾತ್ರ ನಾರುತ್ತಿತ್ತು. ನೀರು ಜಾಸ್ತಿ ಸುರಿದಿದ್ದ, ಗಾಳಿ ಸಿಗದೆ ಕಾಳು ಕೊಳೆತಿತ್ತು. ಬೀಜಕ್ಕೂ ಉಸಿರಾಟ ಇದೆ ಅಂತ ಇಡೀ ಕ್ಲಾಸಿಗೆ ಕಲಿಸಿದವನೇ ಅವನು. ವಿಡಿಯೋದಲ್ಲಿ ಯಾರ ಕಾಳೂ ಕೊಳೆಯುವುದಿಲ್ಲ."

"ಅದು ನಮ್ಮ ಶ್ಯಾಮ ಅಲ್ವಾ?"

ಶ್ಯಾಮ ಮಿರ್ಚಿಯೊಳಗಿನ ಬೀಜ ಆರಿಸತೊಡಗಿದ.

ಬಂಡೂ ಸೋಲುವವನಲ್ಲ. "ಸರಿ, ಧೂಮಕೇತು?"

"ಹ್ಯಾಲಿ ಧೂಮಕೇತು ಬರೋದು ಸುಮಾರು 76 ವರ್ಷಕ್ಕೊಮ್ಮೆ. 1986ರಲ್ಲಿ ಬಂದಿತ್ತು. ಇನ್ನು 2061." ಮಾಸ್ತರು ಬೆರಳು ಮಡಚಿ ಲೆಕ್ಕ ಹಾಕಿದರು, ಅರ್ಧಕ್ಕೇ ಬಿಟ್ಟರು. "ನಾನಂತೂ ಇರೋದಿಲ್ಲ. ನಿನ್ನ ಮಗ ನೋಡಿಯಾನು. ಅದು ಬಂದಾಗ ಬೆರಳಿನಿಂದ ಮೇಲೆ ತಳ್ಳದಿದ್ದರೆ."

"ಭಾರೀ ಮಾತು ಮಾಸ್ತರ! ರೆಕಾರ್ಡ್ ಮಾಡಿದ್ದೇನೆ, ಗ್ರೂಪಿಗೆ ಹಾಕಲಾ? ನಡುವೆ ನೀವು ಲೆಕ್ಕ ಹಾಕುತ್ತ ಸುಮ್ಮನೆ ಕೂತದ್ದನ್ನು ಕತ್ತರಿಸಿಬಿಡುತ್ತೇನೆ."