ರಜಾ ಅರ್ಜಿಯಲ್ಲಿ ಸುಳ್ಳು ಬರೆದಿದ್ದು ನಾನೇ, ಈಗ ಮಗನಿಗೆ ಏನು ಹೇಳಲಿ?

ದಾವಣಗೆರೆಯ ಒಬ್ಬ ಅಮ್ಮ ಕೇಳಿದ್ದು:
ಮಗ ಐದನೇ ಕ್ಲಾಸ್. ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ನಮ್ಮಕ್ಕನ ಮನೆ ಗೃಹಪ್ರವೇಶ ಇತ್ತು. ಸುಮ್ನೆ ಯಾಕೆ ರಗಳೆ ಅಂತ ‘ಮಗನಿಗೆ ಜ್ವರ’ ಎಂದು ರಜಾ ಅರ್ಜಿ ಬರೆದೆ. ಅವನ ಎದುರಿಗೇ ಬರೆದೆ. ಮೊನ್ನೆ ಅವನ ಮಿಸ್ ಫೋನ್ ಮಾಡಿ, “ಜ್ವರ ಬಿಡ್ತಾ?” ಅಂದರು. ಹೋಂವರ್ಕ್ ಮಾಡಿರಲಿಲ್ಲ ಅಂತ ಇವನೇ ಒಂದು ಚೀಟಿ ಬರೆದು, ಕೆಳಗೆ ನನ್ನ ಸಹಿ ಹಾಕಿ ಕೊಟ್ಟಿದ್ದ! ಚೆನ್ನಾಗಿ ಬೈದೆ. ಬೈಸಿಕೊಂಡು ಮೆಲ್ಲಗೆ, “ನಿಂದೇ ನೋಡಿ ಬರೆದೆ ಅಮ್ಮ” ಅಂದ. ಇವರು ನಗುತ್ತಾರೆ. ಅತ್ತೆ ಎರಡು ಬಿಡು ಅಂತಾರೆ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ನಿಮ್ಮ ಮನೆಯಲ್ಲಿ ಹೀಗಾದಾಗ ಏನು ಮಾಡಿದಿರಿ?

ಪ್ರೈಮರಿ ಶಾಲೆಯ ಟೀಚರ್ ಒಬ್ಬರು:
ಮೇಡಂ, ಮದುವೆ ಸೀಸನ್ನಲ್ಲಿ ನಮ್ಮ ಕ್ಲಾಸಿನಲ್ಲಿ ಜ್ವರ ಜಾಸ್ತಿ. ಮೂರು ದಿನ ಜ್ವರದಲ್ಲಿ ಮಲಗಿದ್ದ ಮಗು ನಾಲ್ಕನೇ ದಿನ ಎರಡೂ ಕೈಗೆ ಮೆಹಂದಿ ಹಾಕಿಕೊಂಡು ಬರುತ್ತದೆ. ನಮಗೆ ಗೊತ್ತಾಗಲ್ವಾ? ಗೊತ್ತಾಗುತ್ತೆ. ಆದರೆ ಆ ಮಗು ಅವತ್ತು ಪೂರ್ತಿ ಕೈ ಬೆನ್ನ ಹಿಂದೆ ಇಟ್ಟುಕೊಂಡಿರುತ್ತದಲ್ಲ, ಅದನ್ನು ನೋಡೋಕೆ ಬೇಜಾರು. ‘ಗೃಹಪ್ರವೇಶಕ್ಕೆ ಹೋಗಬೇಕು’ ಅಂತಲೇ ಬರೆಯಿರಿ. ಪರೀಕ್ಷೆ ಇಲ್ಲದಿದ್ದರೆ ನಾನಂತೂ ಬೇಡ ಅಂದಿಲ್ಲ.

ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 3ರಿಂದ 7 ವರ್ಷದ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿ, 2014ರಲ್ಲಿ ಪ್ರಕಟಿಸಿದ್ದರು. ಪಕ್ಕದ ರೂಮಲ್ಲಿ ಬಟ್ಟಲು ತುಂಬ ಕ್ಯಾಂಡಿ ಇದೆ ಅಂತ ಕೆಲವು ಮಕ್ಕಳಿಗೆ ಆಸೆ ಹುಟ್ಟಿಸಿ, ಆಮೇಲೆ “ಇಲ್ಲ, ಸುಮ್ನೆ ಹೇಳಿದೆ” ಅಂದರು. ಆಮೇಲೆ ಒಂದು ಆಟ. ಆಟದ ಸಾಮಾನನ್ನು ಕದ್ದು ನೋಡಬಾರದು ಅಂತ ಹೇಳಿ ದೊಡ್ಡವರು ಹೊರಗೆ ಹೋದರು. ಮೊದಲೇ ಮೋಸ ಹೋಗಿದ್ದ ಮಕ್ಕಳಲ್ಲಿ ಕದ್ದು ನೋಡಿದವರೂ ಜಾಸ್ತಿ, ನೋಡಿಲ್ಲ ಅಂತ ಸುಳ್ಳು ಹೇಳಿದವರೂ ಜಾಸ್ತಿ. ಅದೂ ಐದು ತುಂಬಿದ ಮಕ್ಕಳಲ್ಲಿ ಮಾತ್ರ, ಚಿಕ್ಕವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನಿಮ್ಮವನು ಐದನೇ ಕ್ಲಾಸ್, ಎಲ್ಲಾ ಲೆಕ್ಕ ಇಟ್ಟಿರುತ್ತಾನೆ. ಅವನ ಮಿಸ್ಸಿಗೆ ನಿಜ ಹೇಳಿ. ಆದರೆ ಕ್ಲಾಸಿನ ಎದುರು ಅವನ ಕೈಲಿ ಸಾರಿ ಹೇಳಿಸಬೇಡಿ.

ನಿವೃತ್ತ ಬಸ್ ಕಂಡಕ್ಟರ್:
ನೋಡಮ್ಮ, ನಮ್ಮ ಸಾರಿಗೆ ಬಸ್ಸಲ್ಲಿ 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12ರವರೆಗೆ ಅರ್ಧ. ಅಮ್ಮ “ಐದು” ಅಂದರೆ ನಾನು ಮಗುವಿಗೆ ವಯಸ್ಸು ಕೇಳುತ್ತಿರಲಿಲ್ಲ. “ಯಾವ ಕ್ಲಾಸ್ ಪುಟ್ಟಾ?” ಅನ್ನುತ್ತಿದ್ದೆ. “ಮೂರನೇ ಕ್ಲಾಸ್” ಅಂತ ಹೆಮ್ಮೆಯಿಂದ ಹೇಳಿ ಅಮ್ಮನ ಮುಖ ನೋಡೋದು. ಅಮ್ಮ ಆಗಲೇ ತೊಡೆ ಚಿವುಟಿರುತ್ತಿದ್ದಳು. ಕೊನೆಕೊನೆಗೆ ಮಕ್ಕಳನ್ನು ಕೇಳೋದೇ ಬಿಟ್ಟೆ. (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳ ಟಿಕೆಟ್ಟಿಗೆ ದುಡ್ಡೇ ಇಲ್ಲ. ಈಗ ವಯಸ್ಸು ಕಮ್ಮಿ ಆಗೋದು ಹುಡುಗರದ್ದು ಮಾತ್ರ!)

ನಾನೇನು ಸಾಚಾ ಅಲ್ಲ. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತೇವಲ್ಲ, ಎಷ್ಟೋ ಜನ ಮರೆತು ಇಳಿದು ಹೋಗುತ್ತಾರೆ. ಮನೆಯಲ್ಲಿ ಮಗಳು ನಾಣ್ಯ ಜೋಡಿಸಿ ಆಡುತ್ತಾ, “ಇದು ಯಾರದಪ್ಪಾ?” ಅಂದಳು. “ನಮ್ಮದೇ” ಅಂದೆ. “ಸಂಬಳ ಒಂದನೇ ತಾರೀಖು ಬರುತ್ತಲ್ಲ?” ಅಂದಳು. ಅವತ್ತು ಉತ್ತರ ಕೊಡಲಿಲ್ಲ. ಮಾರನೇ ದಿನದಿಂದ ಕೊನೆ ಸ್ಟಾಪ್ ಬರುವ ಮುಂಚೆ “ಚಿಲ್ಲರೆ ಬಾಕಿ ಇರೋರು ಇಸ್ಕೊಳ್ಳಿ” ಅಂತ ಕೂಗುವುದು ರೂಢಿಯಾಯಿತು. ಅದನ್ನು ಮಗಳಿಗೂ ಹೇಳಿದೆ. ಹೇಳುವಾಗ ನಾಚಿಕೆಯೇ ಆಯಿತು.

ಬೆಂಗಳೂರಿನ ಅಪ್ಪ:
ನಂದು ಚಿಕ್ಕ ಕಥೆ. ಇನ್‌ಸ್ಟಾಗ್ರಾಂಗೆ 13 ಆಗಿರಬೇಕು. ಮಗಳಿಗೆ 11. ಹುಟ್ಟಿದ ವರ್ಷ ಎರಡು ಹಿಂದಕ್ಕೆ ಒತ್ತಿದ್ದು ನನ್ನ ಬೆರಳೇ. ಈಗ ಅವಳು ಏನಾದರೂ ಮುಚ್ಚಿಟ್ಟರೆ ಕೇಳೋಕೆ ನನಗೆ ಬಾಯಿಲ್ಲ.

ಹೆಸರು ಬೇಡ ಎಂದವರು:
ಎಲ್ಲರೂ ನಿಜ ಹೇಳಿ ಅಂತಿದ್ದೀರಿ. ಸಂಘದ ಸಾಲದ ವಾರದ ಕಂತಿಗೆ ದುಡ್ಡಿಲ್ಲದೆ ಕೂತು ನೋಡಿ. ಬಾಗಿಲು ಬಡಿದಾಗ “ಅಮ್ಮ ಇಲ್ಲ” ಅಂತ ಮಗಳ ಕೈಲಿ ಹೇಳಿಸಿದ್ದೇನೆ, ನಾನು ಒಳಗೆ ಒಲೆ ಹಿಂದೆ ಕೂತಿದ್ದೆ. ಒಂದು ಸಲ ಅವಳು ಹೇಳಿ ಒಳಗೆ ಬಂದು, ನನ್ನ ಪಕ್ಕ ಕೂತು, ಅಳು ಬಂದರೂ ಸದ್ದು ಮಾಡದೆ ಬಾಯಿ ಮುಚ್ಚಿಕೊಂಡಳು. ಅವಳಿಗೆ ಆಗ ಏಳು ವರ್ಷ. ಅವತ್ತಿಂದ ಬಾಗಿಲಿಗೆ ನಾನೇ ಹೋಗುತ್ತೇನೆ. ಕೆಲವು ಸಲ “ಮುಂದಿನ ವಾರ ಕೊಡ್ತೀನಿ” ಅನ್ನೋದು ಸುಳ್ಳೇ. ಆದರೆ ಅದು ನನ್ನ ಸುಳ್ಳು, ಅವಳ ಬಾಯಲ್ಲಿ ಬಂದಿದ್ದಲ್ಲ. ಇದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಿಲ್ಲ.

ಕೇಳಿದ ಅಮ್ಮ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಒಲೆ ಹಿಂದಿನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ ಅಕ್ಕ. ಇವತ್ತು ಅವನನ್ನು ಪಕ್ಕ ಕೂರಿಸಿಕೊಂಡು ಮಿಸ್ಸಿಗೆ ಒಂದು ಪತ್ರ ಬರೆದೆ. “ಗೃಹಪ್ರವೇಶದ್ದೂ ಬರೀತೀಯಾ?” ಅಂತ ಕೇಳಿದ. ಹ್ಞೂಂ ಅಂದೆ. ಅದನ್ನೇ ಮೊದಲು ಬರೆದೆ, ಚೀಟಿಯದ್ದು ಆಮೇಲೆ. ಅವನೂ ಕೆಳಗೆ ತನ್ನ ಹೆಸರು ಬರೆದ. ಸೋಮವಾರ ಸ್ಕೂಲಿಗೆ ನಾನೇ ತಗೊಂಡು ಹೋಗುತ್ತೇನೆ. ಮಿಸ್ ಏನಂತಾರೋ ಅಂತ ಅವನಿಗಿಂತ ನನಗೇ ಭಯ.